ಗೋದಾಮಿನಲ್ಲಿ ನಲವತ್ತು ಜನ

ಪುರಸಭೆಯ ದೂರು ವಿಭಾಗದಲ್ಲಿ ನಾಲ್ಕನೇ ಕಿಟಕಿಯ ಹಿಂದೆ ಕೂರುವ ಗುಮಾಸ್ತನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಊರಿಗೆಲ್ಲ ಅವನು ವಿವರಪ್ಪ. ಯಾರಾದರೂ ಬಂದು "ನಮ್ಮ ಬೀದೀಲಿ ನಲ್ಲಿ ಸೋರ್ತಿದೆ" ಎಂದರೆ, ಅವನು ಪೆನ್ನಿನ ಮುಚ್ಚಳ ತೆಗೆಯುತ್ತ, "ಹೇಗೆ ಸೋರ್ತಿದೆ? ಜಿನುಗ್ತಿದೆಯೋ, ತೊಟ್ಟಿಕ್ತಿದೆಯೋ, ಧಾರೆಯಾಗಿ ಬರ್ತಿದೆಯೋ? ವಿವರ ಬೇಕು" ಎನ್ನುತ್ತಿದ್ದ. ನಾಯಿ ಬೊಗಳುತ್ತದೆ ಎಂದು ದೂರಿದರೆ ಎಷ್ಟು ಗಂಟೆಗೆ, ಎಷ್ಟು ಸಲ, ಯಾವ ದಿಕ್ಕಿಗೆ ಮುಖಮಾಡಿ ಎಂದು ಕೇಳಿ ಬರೆದುಕೊಳ್ಳುತ್ತಿದ್ದ. ಅವನು ಬರೆದ ನಲ್ಲಿಯ ದೂರನ್ನು ಓದಿದ ಇಂಜಿನಿಯರು ಒಮ್ಮೆ ಮೇಜಿನ ಕೆಳಗೆ ಬಗ್ಗಿ ತಮ್ಮ ಕಾಲು ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡರಂತೆ. ಇದು ವಿವರಪ್ಪನೇ ಹೇಳಿದ ಮಾತಾದ್ದರಿಂದ ನಂಬಬೇಕಾದ್ದೇ.

ಅವನಿಗೆ ಚಟ ಅಂತ ಇದ್ದದ್ದು ಒಂದೇ. ಅದರ ಹೆಸರು 'ಸಿಡಿಲಮುಷ್ಟಿ'. ಏಳು ವರ್ಷದ ಹಿಂದೆ ಬಂದ ಹೊಡೆದಾಟದ ಸಿನಿಮಾ. ಅದರಲ್ಲಿ ನಾಯಕ ಒಂದು ಕೈ ಮುರಿದುಕೊಂಡು, ಮೂರಂತಸ್ತಿನ ಮೆಟ್ಟಿಲುಗಳ ಮೇಲೆ ಹನ್ನೊಂದು ಜನರನ್ನು ಹೊಡೆಯುತ್ತಾನೆ. ಹೊಡೆದೂ ಹೊಡೆದೂ ಏದುಸಿರು ಬಂದು, ಕೊನೆಗೆ ಏಟು ತಿಂದು ಬಿದ್ದವನಿಗೇ "ಸ್ವಲ್ಪ ಸರ್ಕೋ" ಎಂದು ಹೇಳಿ, ಅವನ ಪಕ್ಕದಲ್ಲೇ ಕೂತು ಸುಧಾರಿಸಿಕೊಳ್ಳುತ್ತಾನೆ. ಆ ದೃಶ್ಯಕ್ಕೆ ವಿವರಪ್ಪ ಮನಸೋತಿದ್ದ. ಒಂಬತ್ತು ಸಲ ನೋಡಿದ್ದ.

"ನಮ್ಮ ಮದುವೆ ವಿಡಿಯೋ ನೋಡಿದ್ದು ಒಂದೇ ಸಲ. ಅದೂ ಓಡಿಸ್ಕೊಂಡು" ಎಂದು ಹೆಂಡತಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಹೇಳುತ್ತಿದ್ದಳು.

"ಅದರಲ್ಲಿ ಹೊಡೆದಾಟ ಇರ್ಲಿಲ್ವಲ್ಲೇ."

"ಹೌದು, ಅದು ಶುರುವಾಗಿದ್ದು ಆಮೇಲೆ."

ಹಾಗೆ ನೋಡಿದರೆ ವಿವರಪ್ಪ ಬಲು ಸಾಧು. ಬಸ್ಸು ನಿಲ್ಲಿಸುವುದಕ್ಕೆ ಬಿಟ್ಟರೆ ಜೀವಮಾನದಲ್ಲಿ ಯಾರ ಮೇಲೂ ಕೈ ಎತ್ತಿದವನಲ್ಲ. ಬಸ್ಸೂ ಎಷ್ಟೋ ಸಲ ನಿಲ್ಲುತ್ತಿರಲಿಲ್ಲ.

ಇಂಥವನ ಬಾಳಿನಲ್ಲಿ 'ಸಿಡಿಲಮುಷ್ಟಿ ಎರಡನೇ ಭಾಗ' ಬರುತ್ತದೆಂಬ ಸುದ್ದಿ ಬಂತು. ಮೂರು ತಿಂಗಳು ಅವನು ನೆಲದ ಮೇಲೆ ನಡೆಯಲಿಲ್ಲ. ಕಚೇರಿಯಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಅದೇ ಮಾತು. "ಹೊಡೆದಾಟ ಅಂದ್ರೇನು ಅಂತ ನಿಮಗೆ ಗೊತ್ತಾಗೋದು ಆವತ್ತು" ಎಂದು ಎಲ್ಲರಿಗೂ ಬೆದರಿಕೆ ಹಾಕುವವನಂತೆ ಹೇಳಿಕೊಂಡು ತಿರುಗಿದ. ಮೊದಲ ದಿನದ ಮಧ್ಯಾಹ್ನ ಎರಡು ಗಂಟೆಯ ಆಟಕ್ಕೆ ಹೆಂಡತಿಯನ್ನೂ, ಲಿಫ್ಟ್ ರಿಪೇರಿ ಮಾಡುವ ಭಾವಮೈದುನನನ್ನೂ, ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರನ್ನೂ ಹೊರಡಿಸಿದ. ಪೋಸ್ಟ್‌ಮಾಸ್ಟರು ಸಿನಿಮಾ ಮಂದಿರದೊಳಗೆ ಕಾಲಿಟ್ಟು ಹದಿನಾರು ವರ್ಷವಾಗಿತ್ತು. "ನಿಮ್ಮ ಮಾತಿನ ಮೇಲೆ ಬರ್ತಿದೀನಿ" ಎಂದು ಅವರು ರಿಜಿಸ್ಟರ್ಡ್ ಅಂಚೆಗೆ ರಸೀದಿ ಕೊಡುವ ಗಾಂಭೀರ್ಯದಲ್ಲಿ ಹೇಳಿದರು.

ಆಮೇಲೆ ನಡೆದದ್ದನ್ನು ಹೇಳಲು ಮನಸ್ಸು ಬಾರದು. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಆ ಚಿತ್ರದ ಮಹಾ ಹೊಡೆದಾಟ ಶುರುವಾಯಿತು. ಒಂದು ಹಳೆ ಗೋದಾಮು. ಕತ್ತಲು. ಕಪ್ಪಂಗಿ ತೊಟ್ಟ ನಲವತ್ತು ಧಡಿಯರು ನಾಯಕನನ್ನು ಸುತ್ತುವರಿದರು. ಸುತ್ತುವರಿದು ನಿಂತೇ ಇದ್ದರು. ಒಬ್ಬ ಹೋಗಿ ಏಟು ತಿಂದು ಹಾರಿ ಬೀಳುವವರೆಗೆ ಉಳಿದ ಮೂವತ್ತೊಂಬತ್ತು ಮಂದಿ ಪಡಿತರ ಅಂಗಡಿಯ ಮುಂದೆ ನಿಂತವರ ಹಾಗೆ ಕಾಯುತ್ತಿದ್ದರು. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಮೊಣಕೈ, ಒಂದು ಬೂಟು, ಯಾರದೋ ಕಿವಿ, ಮುರಿದ ಗಾಜು, ಮತ್ತೆ ಅದೇ ಕಿವಿ. ಯಾರ ಮೈಯ ಯಾವ ಭಾಗ ಯಾರಿಗೆ ತಾಗಿತೆಂದು ತಿಳಿಯುವ ಮೊದಲೇ ಚಿತ್ರ ಬದಲಾಗುತ್ತಿತ್ತು. ಇಷ್ಟೆಲ್ಲ ಆದರೂ ನಾಯಕನ ತಲೆಗೂದಲು ಆಗಷ್ಟೇ ಬಾಚಿದ ಹಾಗೇ ಇತ್ತು.

"ಯಾರು ಯಾರಿಗೆ ಹೊಡೀತಿದ್ದಾರೆ?" ಎಂದು ಪೋಸ್ಟ್‌ಮಾಸ್ಟರು ಕೇಳಿದರು.

"ಸ್ವಲ್ಪ ತಾಳಿ ಸಾರ್, ಗೊತ್ತಾಗುತ್ತೆ."

"ಕನ್ನಡಕ ಹಾಕ್ಕೊಂಡೇ ಕೂತಿದೀನಿ ಕಣ್ರೀ."

ಹೆಂಡತಿ ಈ ಕಡೆಯಿಂದ ಪಿಸುಗುಟ್ಟಿದಳು. "ರೀ, ನಲವತ್ತು ಜನಕ್ಕೂ ಒಂದೇ ಥಾನು ಬಟ್ಟೇಲಿ ಅಂಗಿ ಹೊಲಿಸಿದ್ದಾರೆ. ಕಂಕುಳಲ್ಲಿ ಬಿಗಿ. ಅದಕ್ಕೇ ಪಾಪ ಕೈ ಎತ್ತೋಕಾಗ್ತಿಲ್ಲ."

ಭಾವಮೈದುನನಿಂದ ಗೊರಕೆಯೊಂದೇ ಉತ್ತರ.

ಹೊರಗೆ ಬಂದಾಗ ವಿವರಪ್ಪ ಯಾರ ಮುಖವನ್ನೂ ನೋಡಲಿಲ್ಲ. ಭಾವಮೈದುನ ಮೈಮುರಿದು, "ಭಾವ, ಸಿನಿಮಾ ಅಂದ್ರೆ ಇದು! ಇಷ್ಟು ಒಳ್ಳೆ ನಿದ್ದೆ ಬಂದು ಎಷ್ಟು ಕಾಲ ಆಗಿತ್ತು" ಎಂದ. ಪೋಸ್ಟ್‌ಮಾಸ್ಟರು ತಮ್ಮ ಮನೆಯ ಬಾಗಿಲಿನವರೆಗೂ ನಡೆದು, ಬೀಗ ತೆಗೆಯುತ್ತ, "ಇನ್ನು ಹದಿನಾರು ವರ್ಷ ನನ್ನನ್ನ ಕರೀಬೇಡಿ" ಎಂದು ಬಾಗಿಲು ಹಾಕಿಕೊಂಡರು.

ಆ ರಾತ್ರಿ ವಿವರಪ್ಪನಿಗೆ ಊಟ ಸೇರಲಿಲ್ಲ. ಮರುದಿನ ಬೆಳಿಗ್ಗೆ ಕಚೇರಿಗೆ ಬಂದು ಕೂತ. ಶನಿವಾರ. ಕಿಟಕಿಯ ಮುಂದೆ ಜನವಿರಲಿಲ್ಲ. ಇಂಥ ಸಂಕಟವನ್ನು ಕೆಲವರು ಹಾಡಿ ಕಳೆಯುತ್ತಾರೆ, ಕೆಲವರು ಕುಡಿದು ಕಳೆಯುತ್ತಾರೆ. ವಿವರಪ್ಪನಿಗೆ ಗೊತ್ತಿದ್ದದ್ದು ಒಂದೇ ದಾರಿ. ಹಳದಿ ಬಣ್ಣದ ದೂರು ಅರ್ಜಿಯ ನಮೂನೆ ತೆಗೆದುಕೊಂಡು ಬರೆಯತೊಡಗಿದ.

"ವಿಷಯ: ಹಳೆ ಗೋದಾಮಿನಲ್ಲಿ ನಲವತ್ತು ಜನರ ಹೊಡೆದಾಟ. ಸಮಯ: ನಿನ್ನೆ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಸದರಿ ನಲವತ್ತು ಜನ ಧಡೂತಿಗಳು ಒಬ್ಬನನ್ನು ಸುತ್ತುವರಿದಿದ್ದರೂ ಒಬ್ಬೊಬ್ಬರಾಗಿ ಮಾತ್ರ ಮೇಲೆ ಬಿದ್ದಿರುತ್ತಾರೆ. ಉಳಿದವರು ಕೈಕಟ್ಟಿ ನಿಂತಿರುತ್ತಾರೆ. ನೀಲಿ ಕರವಸ್ತ್ರದವನು ಏಟು ಬೀಳುವುದಕ್ಕೆ ಮೊದಲೇ ಹಾರಿ ಪೀಪಾಯಿಯ ಮೇಲೆ ಬಿದ್ದಿರುತ್ತಾನೆ. ಗಾಜು ಅಪಾರ ಒಡೆದಿದ್ದರೂ ಯಾರಿಗೂ ಒಂದು ತರಚು ಗಾಯವೂ ಇಲ್ಲ. ಹೊಡೆದವನ ಕೂದಲು ಕೆದರಿಲ್ಲ. ಏಳು ವರ್ಷದ ಹಿಂದೆ ಇದೇ ವ್ಯಕ್ತಿ ಮೆಟ್ಟಿಲ ಮೇಲೆ ಹನ್ನೊಂದು ಜನರನ್ನು ಎಷ್ಟು ಅಚ್ಚುಕಟ್ಟಾಗಿ ಬಡಿದಿದ್ದ ಎಂಬುದಕ್ಕೆ ನಾನೇ ಸಾಕ್ಷಿ. ಒಂಬತ್ತು ಬಾರಿ ನೋಡಿರುತ್ತೇನೆ. ಆದ್ದರಿಂದ ತಪ್ಪಿತಸ್ಥರ ಮೇಲೆ ಕಠಿಣ ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ."

ಸಿನಿಮಾದ ಹೆಸರನ್ನು ಅವನು ಬೇಕೆಂದೇ ಬರೆಯಲಿಲ್ಲ. ಬರೆದರೆ ಮೊದಲ ಭಾಗಕ್ಕೆ ಅವಮಾನ ಎನಿಸಿತು. ಕೆಳಗೆ ರುಜು ಹಾಕಿದ. ಮನಸ್ಸು ಹಗುರಾಯಿತು. ಕಾಗದವನ್ನು ಮೇಜಿನ ಮೇಲೆ ಬಿಟ್ಟು ಟೀ ಕುಡಿಯಲು ಹೋದ.

ಟೀ ಅಂಗಡಿಯವನಿಗೆ ಆ ಗೋದಾಮಿನ ಕಥೆ ಹೇಳಿ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆಯಾಯಿತು. ಅಷ್ಟರಲ್ಲಿ ಇಪ್ಪತ್ತೆರಡು ವರ್ಷ ಸರ್ವೀಸಿನ ಜವಾನ ಬಂದು, ಮೇಜಿನ ಮೇಲಿದ್ದ ಹಳದಿ ಕಾಗದಗಳನ್ನೆಲ್ಲ ಗುಡಿಸಿದಂತೆ ಎತ್ತಿಕೊಂಡು, ಮೊಹರು ಒತ್ತಿ, ಮುಖ್ಯಸ್ಥೆಯ ಕೋಣೆಗೆ ತಲುಪಿಸಿದ್ದ. ವಿಭಾಗದ ಮುಖ್ಯಸ್ಥೆ ಮೇಡಂ ಅವರದು ಒಂದೇ ಸಿದ್ಧಾಂತ: ಬಂದ ಕಾಗದ ನಿಲ್ಲಬಾರದು. ಅದಕ್ಕಾಗಿ ಅವರು ಪ್ರತಿ ಅರ್ಜಿಯ ಮೊದಲ ಸಾಲು ಮತ್ತು ಕೊನೆಯ ಸಾಲು ಮಾತ್ರ ಓದುತ್ತಿದ್ದರು. ಮೊದಲ ಸಾಲಿನಲ್ಲಿ ನಲವತ್ತು ಜನರ ಹೊಡೆದಾಟ. ಕೊನೆಯ ಸಾಲಿನಲ್ಲಿ ತಪ್ಪಿತಸ್ಥರು. ಮೇಡಂ ಕೆಂಪು ಶಾಯಿಯಲ್ಲಿ 'ತುರ್ತು' ಎಂದು ಬರೆದು ಪೊಲೀಸ್ ಠಾಣೆಗೆ ಅಟ್ಟಿದರು.

ವಿವರಪ್ಪ ಬಂದು ಹುಡುಕಿದ. ಕಾಗದ ಕಾಣಲಿಲ್ಲ. ಗಾಳಿಗೆ ಹಾರಿಹೋಗಿರಬೇಕು ಎಂದುಕೊಂಡು ಸುಮ್ಮನಾದ.

ಅಂದು ಸಂಜೆ ಐದೂವರೆಗೆ ಇನ್ಸ್‌ಪೆಕ್ಟರು ಒಬ್ಬ ಪೇದೆಯೊಂದಿಗೆ ಮನೆ ಬಾಗಿಲಿಗೆ ಬಂದರು. ಹೆಂಡತಿ ಮಿಷನ್ನಿನ ಮುಂದೆ, ಭಾವಮೈದುನ ಟೀ ಲೋಟದ ಮುಂದೆ, ವಿವರಪ್ಪ ಚಾಪೆಯ ಮೇಲೆ. ಪಕ್ಕದ ಮನೆಯ ಕಿಟಕಿಯಲ್ಲಿ ಪೋಸ್ಟ್‌ಮಾಸ್ಟರ ಅರ್ಧ ಮುಖ.

"ಈ ದೂರು ಕೊಟ್ಟಿದ್ದು ನೀವೇನಾ?" ಎಂದು ಇನ್ಸ್‌ಪೆಕ್ಟರು ಹಳದಿ ಕಾಗದ ತೋರಿಸಿದರು.

ವಿವರಪ್ಪ ನೋಡಿದ. ತನ್ನದೇ ಕಾಗದ. ಅದರ ಮೇಲೆ ಎರಡು ಮೊಹರು, ಮೂರು ರುಜು, ಕೆಂಪು ಶಾಯಿ. ಅವನ ಕಣ್ಣು ತುಂಬಿ ಬಂತು. ಸರ್ಕಾರವನ್ನು ಜನ ಸುಮ್ಮನೆ ಬೈಯುತ್ತಾರೆ. ಒಬ್ಬ ಬಡಪಾಯಿ ಪ್ರೇಕ್ಷಕನ ಸಂಕಟಕ್ಕೂ ಅದು ಕಿವಿಗೊಡುತ್ತದಲ್ಲ!

"ನಾನೇ ಸಾರ್. ಇಷ್ಟು ಬೇಗ ಬರ್ತೀರಿ ಅಂದ್ಕೊಂಡಿರ್ಲಿಲ್ಲ. ಕೂತ್ಕೊಳ್ಳಿ."

"ಈ ಹೊಡೆದಾಟ ಕಣ್ಣಾರೆ ನೋಡಿದ್ರಾ?"

"ಕಣ್ಣಾರೆ ಸಾರ್. ಕಾಣ್ಸಿದಷ್ಟು. ಬೆಳಕೇ ಇರ್ಲಿಲ್ಲ."

"ಎಷ್ಟು ದೂರದಲ್ಲಿದ್ರಿ?"

"ಹಿಂದಿನಿಂದ ಎರಡನೇ ಸಾಲು."

"ಸಾಲಾ?"

"ಮುಂದೆ ಕೂತ್ರೆ ಕತ್ತು ನೋವು ಬರುತ್ತೆ ಸಾರ್."

ಬರೆದುಕೊಳ್ಳುತ್ತಿದ್ದ ಪೇದೆ ಪೆನ್ನು ನಿಲ್ಲಿಸಿದ. ಇನ್ಸ್‌ಪೆಕ್ಟರ ದನಿ ಒಂದು ಮೆಟ್ಟಿಲು ಕೆಳಗಿಳಿಯಿತು. "ಕೂತು ನೋಡಿದ್ರಾ?"

"ನಿಂತ್ರೆ ಹಿಂದಿನೋರು ಬೈತಾರಲ್ಲ."

"ಇನ್ನೆಷ್ಟು ಜನ ಇದ್ರು ಅಲ್ಲಿ?"

"ಒಂದು ಮುನ್ನೂರು. ಮೊದಲ ದಿನ ಅಲ್ವಾ."

"ಮುನ್ನೂರು ಜನ! ಒಬ್ಬರಾದ್ರೂ ಬಿಡಿಸೋಕೆ ಹೋಗ್ಲಿಲ್ವಾ?"

"ಬಿಡಿಸೋದಾ?" ವಿವರಪ್ಪ ನಕ್ಕ. "ಶಿಳ್ಳೆ ಹೊಡೆದ್ರು ಸಾರ್. ಅದೂ ಮೊದಮೊದಲು ಮಾತ್ರ. ಆಮೇಲೆ ಕಡಲೇಕಾಯಿ ತಿಂತಾ ಕೂತ್ರು."

ಇನ್ಸ್‌ಪೆಕ್ಟರು ನೀರು ಕೇಳಿದರು. ಕುಡಿದು ಭಾವಮೈದುನನ ಕಡೆ ತಿರುಗಿದರು. "ನೀವೂ ಇದ್ರಾ?"

"ಇದ್ದೆ ಸಾರ್. ಆದ್ರೆ ನಾನು ನಿದ್ದೆ ಮಾಡ್ಬಿಟ್ಟೆ."

"ಕಣ್ಣೆದುರಿಗೆ ನಲವತ್ತು ಜನ ಏಟು ತಿಂತಿದ್ರೆ ನಿದ್ದೆ ಬಂತಾ ನಿಮಗೆ?"

"ಬೋರಾಯ್ತು ಸಾರ್."

"ಆ ನಲವತ್ತು ಜನರ ಗುರುತು ಯಾರಿಗಾದ್ರೂ ಇದೆಯಾ?"

ಹೆಂಡತಿ ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದು ಹೇಳಿದಳು. "ಮುಖ ನೋಡಿಲ್ಲ, ಅಂಗಿ ನೋಡಿದೀನಿ. ಎಲ್ಲ ಒಬ್ಬನೇ ದರ್ಜಿ ಹೊಲಿದದ್ದು. ಬಟ್ಟೆ ಅಗ್ಗದ್ದು, ಗುಂಡಿ ಮಾತ್ರ ದುಬಾರಿ."

"ಸಮವಸ್ತ್ರ!" ಎಂದು ಇನ್ಸ್‌ಪೆಕ್ಟರು ಪೇದೆಗೆ ಪಿಸುಗುಟ್ಟಿದರು. "ದೊಡ್ಡ ಗ್ಯಾಂಗು ಕಣಯ್ಯ. ಬರ್ಕೋ." ಮತ್ತೆ ವಿವರಪ್ಪನ ಕಡೆ ತಿರುಗಿ, "ಏಳು ವರ್ಷದ ಹಿಂದೆ ಹನ್ನೊಂದು ಜನರನ್ನ ಹೊಡೆದ ಅಂತ ಬರ್ದಿದೀರಿ. ಒಂಬತ್ತು ಸಲ ನೋಡಿ ಬಾಯಿ ಮುಚ್ಕೊಂಡಿದ್ರಾ?"

"ಎಲ್ಲಿ ಮುಚ್ಕೊಂಡಿದ್ದೆ ಸಾರ್? ಸಿಕ್ಕಸಿಕ್ಕವರಿಗೆಲ್ಲ ಹೇಳಿದೀನಿ. ಆಹಾ, ಎಂಥ ಏಟು! ಆ ಕಾಲ ಮತ್ತೆ ಬರಲ್ಲ."

"ಸರಿ, ಈ ಗೋದಾಮಿನೊಳಗೆ ನಿಮ್ಮನ್ನ ಬಿಟ್ಟೋರು ಯಾರು?"

"ಬಿಡೋದೇನು ಸಾರ್, ಟಿಕೆಟ್ ತಗೊಂಡೇ ಹೋದ್ವಿ. ಪುಕ್ಕಟೆ ಅಲ್ಲ."

"ಟಿಕೆಟ್ ಇಟ್ಟು ಹೊಡೆದಾಡಿಸ್ತಾರಾ!"

"ದಿನಕ್ಕೆ ನಾಲ್ಕು ಸಲ. ಭಾನುವಾರ ಐದು."

"ಅದೇ ನಲವತ್ತು ಜನರನ್ನಾ?"

"ಅವರನ್ನೇ. ಬೇರೆಯವರನ್ನ ಎಲ್ಲಿಂದ ತರ್ತಾರೆ?"

ಇನ್ಸ್‌ಪೆಕ್ಟರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಕಳ್ಳರನ್ನು ಕಂಡಿದ್ದರು, ಸುಳ್ಳರನ್ನು ಕಂಡಿದ್ದರು. ದಿನಕ್ಕೆ ನಾಲ್ಕು ಸಲ ಏಟು ತಿಂದು, ಎದ್ದು, ಭಾನುವಾರ ಐದನೇ ಸಲ ತಿನ್ನಲು ಬರುವ ನಲವತ್ತು ಜನರನ್ನು ಕಂಡಿರಲಿಲ್ಲ. "ಎಲ್ಲಿ ನಡೆಯುತ್ತೆ ಇದು?"

"ಮಾರುಕಟ್ಟೆ ಹಿಂದುಗಡೆ ಸಾರ್. ನಾಳೆ ಎರಡು ಗಂಟೆ ಆಟಕ್ಕೆ ಬನ್ನಿ, ನಾನೇ ತೋರಿಸ್ತೀನಿ. ಹಿಂಬಾಗಿಲಿಂದ ಹೋಗೋಣ, ಮುಂದೆ ನೂಕುನುಗ್ಗಲು. ಮೂರು ಇಪ್ಪತ್ತಕ್ಕೆ ಸರಿಯಾಗಿ ಶುರು."

ಪಕ್ಕದ ಕಿಟಕಿಯ ಆ ಅರ್ಧ ಮುಖದ ಮೂಲಕ ಸುದ್ದಿ ಅಂಚೆಯ ವೇಗದಲ್ಲಿ ಬೀದಿಯಿಡೀ ಹರಡಿತು. ಅದು ಮೂಲೆ ಮನೆ ತಲುಪುವಷ್ಟರಲ್ಲಿ ವಿವರಪ್ಪ ಪೊಲೀಸರ ಗುಪ್ತಚರನಾಗಿದ್ದ. ಏಳು ವರ್ಷದಿಂದ ಗುಮಾಸ್ತನ ವೇಷದಲ್ಲಿದ್ದನಂತೆ. "ಅದಕ್ಕೇ ಅಷ್ಟೊಂದು ವಿವರ ಕೇಳ್ತಿದ್ದ" ಎಂದು ಎಲ್ಲರಿಗೂ ಥಟ್ಟನೆ ಹೊಳೆಯಿತು.

ಭಾನುವಾರ ಮೂರು ಹದಿನೈದಕ್ಕೆ ಇನ್ಸ್‌ಪೆಕ್ಟರು ಎಂಟು ಜನ ಪೇದೆಗಳೊಂದಿಗೆ, ವಿವರಪ್ಪನನ್ನು ಮುಂದಿಟ್ಟುಕೊಂಡು, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಬಗ್ಗಿಕೊಂಡು ಹೊರಟರು. ತರಕಾರಿ ಬುಟ್ಟಿಗಳನ್ನು ದಾಟಿ ಒಂದು ದೊಡ್ಡ ಕಟ್ಟಡದ ಬೆನ್ನಿಗೆ ಬಂದಾಗ ಇನ್ಸ್‌ಪೆಕ್ಟರು ತಲೆಯೆತ್ತಿ ನೋಡಿದರು.

"ಇದು ಟಾಕೀಸಲ್ವಾ?"

"ಹೌದು ಸಾರ್."

"ಟಾಕೀಸ್ ಒಳಗೇ ನಡೆಸ್ತಿದ್ದಾರಾ! ಊರ ನಡುವೆ! ಎಂಥ ಎದೆಗಾರಿಕೆ!"

ಒಳಗಿನಿಂದ ಧಡಾಧಡ್ ಎಂಬ ಸದ್ದು, ಯಾರೋ ಅರಚಿದ ಸದ್ದು, ಗಾಜು ಒಡೆದ ಸದ್ದು ಕೇಳಿಸಿತು. ಇನ್ಸ್‌ಪೆಕ್ಟರಿಗೆ ಇನ್ನೇನು ಬೇಕು? ಹಿಂಬಾಗಿಲನ್ನು ಒದ್ದರು. ಅದು ಚಿಲಕ ಹಾಕದೆ ಬರೀ ಒರಗಿಸಿದ್ದ ಬಾಗಿಲಾಗಿದ್ದರಿಂದ, ಒದೆತದ ರಭಸಕ್ಕೆ ತಾವೇ ಓಡುತ್ತ ಒಳಗೆ ಹೋಗಿ ಬೆಳ್ಳಿಪರದೆಯ ಮುಂದೆ ನಿಂತರು. ಎಂಟು ಪೇದೆಗಳು ಅವರ ಬೆನ್ನಿಗೆ ಬಂದು ಗುದ್ದಿಕೊಂಡರು. "ಯಾರೂ ಅಲುಗಾಡಬೇಡಿ!" ಎಂದು ಇನ್ಸ್‌ಪೆಕ್ಟರು ಗರ್ಜಿಸಿದರು.

ಅವರ ಹಿಂದೆ, ಅವರಿಗಿಂತ ಹತ್ತು ಪಾಲು ದೊಡ್ಡದಾಗಿ, ಕಪ್ಪಂಗಿಯ ನಲವತ್ತು ಜನ ನಿಂತಿದ್ದರು. ಅವರಂತೂ ಅಲುಗಾಡುತ್ತಲೇ ಇರಲಿಲ್ಲ.

ಸಭಾಂಗಣದಲ್ಲಿ ಮುನ್ನೂರು ಜನರ ಶಿಳ್ಳೆ, ಚಪ್ಪಾಳೆ. ಮೂರು ದಿನದಲ್ಲಿ ಆ ಚಿತ್ರಕ್ಕೆ ಬಿದ್ದ ಮೊದಲ ಚಪ್ಪಾಳೆ ಅದು. "ಇದು ಚೆನ್ನಾಗಿದೆ!" ಎಂದು ಯಾರೋ ಕೂಗಿದರು. ಇನ್ಸ್‌ಪೆಕ್ಟರು ನಿಧಾನವಾಗಿ ಹಿಂದಕ್ಕೆ ತಿರುಗಿ ಪರದೆಯನ್ನು ನೋಡಿದರು. ಒಂದು ಬೂಟು ಬಂತು, ಹೋಯಿತು. ಒಂದು ಕಿವಿ ಬಂತು. ನೀಲಿ ಕರವಸ್ತ್ರದವನು ಏಟಿಗೆ ಮೊದಲೇ ಹಾರಿ ಪೀಪಾಯಿಯ ಮೇಲೆ ಬಿದ್ದ.

"ನೋಡಿದ್ರಾ ಸಾರ್, ನೋಡಿದ್ರಾ!" ಎಂದು ವಿವರಪ್ಪ ಕತ್ತಲಲ್ಲಿ ಅವರ ತೋಳು ಹಿಡಿದು ಅಲುಗಿಸಿದ. "ನಾನು ಬರ್ದಿದ್ದು ಅಕ್ಷರಶಃ ನಿಜ ಅಲ್ವಾ?"

ಇನ್ಸ್‌ಪೆಕ್ಟರು ಏನು ಹೇಳಿದರೆಂಬುದನ್ನು ಮುದ್ರಿಸುವ ಹಾಗಿಲ್ಲ.

ಸೋಮವಾರದ ಸ್ಥಳೀಯ ಪತ್ರಿಕೆಯಲ್ಲಿ ಮುಖಪುಟದ ಸುದ್ದಿ: 'ಹೊಡೆದಾಟ ಸರಿಯಿಲ್ಲವೆಂದು ಸಿನಿಮಾ ಮೇಲೆ ಪೊಲೀಸ್ ದಾಳಿ.' ಜೊತೆಗೆ ವಿವರಪ್ಪನ ದೂರು ಪೂರ್ತಿಯಾಗಿ ಅಚ್ಚಾಗಿತ್ತು. ಬೆಳಿಗ್ಗೆ ಏಳಕ್ಕೇ ಹೆಂಡತಿಯ ಸೋದರಮಾವನ ಫೋನು ಬಂತು. "ಅಳಿಯಂದಿರು ಜೈಲಲ್ಲಿದ್ದಾರಾ, ಮನೇಲಿದ್ದಾರಾ?" ಮನೆಯಲ್ಲೇ ಇದ್ದಾರೆ ಎಂದಾಗ ಅವರಿಗೆ ಕೊಂಚ ನಿರಾಸೆಯಾದಂತಿತ್ತು.

ಕಚೇರಿಯಲ್ಲಿ ಮೇಡಂ ನೋಟಿಸ್ ಹಿಡಿದು ಕಾಯುತ್ತಿದ್ದರು. "ಸರ್ಕಾರಿ ನಮೂನೆಯನ್ನ ಸ್ವಂತ ದುಃಖಕ್ಕೆ ಬಳಸಿದೀರಿ. ಶುಕ್ರವಾರ ಹನ್ನೆರಡು ಗಂಟೆಯೊಳಗೆ ಸಮಜಾಯಿಷಿ ಕೊಡಿ. ಕೊಡದಿದ್ರೆ ಅಮಾನತು."

"ಮೇಡಂ, ನಾನು ಅದನ್ನ ಕಳಿಸಿರ್ಲಿಲ್ಲ. ಮೇಜಿನ ಮೇಲಿತ್ತು. ನೀವೇ ತುರ್ತು ಅಂತ..."

"ಅದು ಬೇರೆ ವಿಷಯ" ಎಂದು ಮೇಡಂ ಆ ವಿಷಯವನ್ನು ಅಲ್ಲಿಗೇ ಮುಗಿಸಿದರು.

ಇಲ್ಲಿಂದ ವಿವರಪ್ಪನ ನಗು ಹಾರಿಹೋಯಿತು. ಹದಿನೆಂಟು ವರ್ಷ ಇನ್ನೊಬ್ಬರ ಸಂಕಟ ಬರೆದುಕೊಂಡ ಕೈಗೆ ತನ್ನ ಸಮಜಾಯಿಷಿಯ ಒಂದು ಸಾಲೂ ಮೂಡಲಿಲ್ಲ. ಬರೆಯಲು ಪುರುಸೊತ್ತೂ ಇರಲಿಲ್ಲ. ಏಕೆಂದರೆ ಪತ್ರಿಕೆ ಓದಿದ ಊರು ನಾಲ್ಕನೇ ಕಿಟಕಿಯ ಮುಂದೆ ಸಾಲುಗಟ್ಟಿತ್ತು. ಒಬ್ಬರಿಗೆ ಸಿನಿಮಾದಲ್ಲಿ ಹಾಡು ಉದ್ದವಾಯಿತೆಂಬ ದೂರು. ಇನ್ನೊಬ್ಬರಿಗೆ ನಾಯಕಿ ಅಳುವಾಗ ಮೂಗು ಒರೆಸಿಕೊಳ್ಳುವುದಿಲ್ಲವೆಂಬ ದೂರು. ಒಬ್ಬ ಮುದುಕಿ ನಾಲ್ಕು ವರ್ಷದ ಹಿಂದೆ ನೋಡಿದ ಚಿತ್ರದಲ್ಲಿ ತಾಯಿಯನ್ನು ಸುಮ್ಮಸುಮ್ಮನೆ ಸಾಯಿಸಿದರೆಂದು ಬಂದು, "ಆಕೆಗೆ ಬರೀ ಕೆಮ್ಮು ಇತ್ತಪ್ಪಾ" ಎಂದು ಕಣ್ಣೊರೆಸಿಕೊಂಡಳು. ನಲ್ಲಿ ಸೋರುವವರು ಕೊನೆಯಲ್ಲಿ ನಿಂತು ಗೊಣಗುತ್ತಿದ್ದರು.

ಶುಕ್ರವಾರ ಬಂತು. ಹನ್ನೊಂದೂವರೆಗೆ ಸಾಲಿನಲ್ಲಿ ಒಬ್ಬ ಸಣ್ಣಾಳು ಕಿಟಕಿಯ ಮುಂದೆ ಬಂದು ನಿಂತ. ಅರವತ್ತರ ಮೇಲಿನ ವಯಸ್ಸು, ತೆಳ್ಳನೆಯ ಮೈ, ಒಂದು ಕಾಲು ಕುಂಟು. ಹೆಬ್ಬೆರಳಿಗೆ ಬ್ಯಾಂಡೇಜು. ಕಂಕುಳಲ್ಲಿ ಸೋಮವಾರದ ಪತ್ರಿಕೆ.

"ದೂರು ಕೊಡಬೇಕಿತ್ತು."

"ಯಾರ ಮೇಲೆ?" ಎಂದ ವಿವರಪ್ಪ, ತಲೆಯೆತ್ತದೆ.

"ನಿಮ್ಮ ಮೇಲೆ ಅಂತ ಹೊರಟಿದ್ದೆ. ಬಸ್ಸಲ್ಲಿ ನಿಮ್ಮ ಕಾಗದ ನಾಲ್ಕು ಸಲ ಓದಿದೆ. ಈಗ ಯಾರ ಮೇಲೆ ಕೊಡೋದು ಅಂತಾನೇ ತಿಳೀತಿಲ್ಲ." ಮುದುಕ ಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿಟ್ಟ. "ಆ ಗೋದಾಮಿನ ಹೊಡೆದಾಟ ಕಟ್ಟಿದ್ದು ನಾನು. ಫೈಟ್ ಮಾಸ್ಟರ್. ಆ ಮೆಟ್ಟಿಲ ಮೇಲಿಂದೂ ನಾನೇ."

ವಿವರಪ್ಪ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. ಏಳು ವರ್ಷ ಮನಸ್ಸಿನಲ್ಲೇ ಕೈಮುಗಿದ ಮನುಷ್ಯ ಟೋಕನ್ ಹಿಡಿದು ತನ್ನ ಮುಂದೆ ನಿಂತಿದ್ದಾನೆ. ತಾನು ಅವನ ಮೇಲೆ ಕಠಿಣ ಕ್ರಮ ಕೋರಿದ್ದೇನೆ! "ಮಾಸ್ಟರ್... ನಾನು... ತಪ್ಪಾಯ್ತು."

"ತಪ್ಪೇನಿಲ್ಲ. ನೀವು ಬರ್ದಿದ್ದೆಲ್ಲ ಸರಿ. ಅರವತ್ತು ದಿನ ತಾಲೀಮು ಮಾಡಿಸಿ ಕಟ್ಟಿದ್ದೆ. ಫಿಲ್ಮು ತುಂಡು ಮಾಡಿ ಜೋಡಿಸೋರು ಸೊಪ್ಪು ಹೆಚ್ಚಿದ ಹಾಗೆ ಹೆಚ್ಚಿಬಿಟ್ರು. ಊರೆಲ್ಲ ಬೋರು ಬೋರು ಅಂತು. ಯಾಕೆ ಬೋರು ಅಂತ ಇಷ್ಟು ವಿವರವಾಗಿ ಹೇಳಿದ್ದು ನೀವೊಬ್ಬರೇ." ಮಾಸ್ಟರು ಬ್ಯಾಂಡೇಜಿನ ಬೆರಳನ್ನು ಒಂದು ಸಾಲಿನ ಮೇಲಿಟ್ಟರು. "ಇಲ್ಲಿ ಬರ್ದಿದೀರಿ, ನಲವತ್ತು ಜನ ಒಬ್ಬೊಬ್ಬರಾಗೇ ಬಂದ್ರು ಅಂತ. ನಲವತ್ತು ಜನಕ್ಕೂ ಕಾರಣ ಕೊಟ್ಟಿದ್ದೆ ಸ್ವಾಮಿ! ಏಳನೆಯವನು ಅವತ್ತೇ ಕೆಲಸಕ್ಕೆ ಸೇರಿದೋನು, ಎಲ್ಲಿ ನಿಲ್ಲಬೇಕು ಅಂತಾನೇ ಗೊತ್ತಿಲ್ಲ. ಹನ್ನೆರಡನೆಯವನು ಹದಿಮೂರನೆಯವನು ಹೋಗ್ಲಿ ಅಂತ ಕಾಯ್ತಾನೆ, ಹದಿಮೂರನೆಯವನು ಹನ್ನೆರಡನೆಯವನು ಹೋಗ್ಲಿ ಅಂತ."

"ಥೇಟ್ ನಮ್ಮ ಆಫೀಸು" ಎಂದ ಜವಾನ.

"ಎಲ್ಲ ಕತ್ತರಿಸಿ ಬಿಸಾಡಿದ್ರು. ಆ ಹೊಡೆದಾಟ ಹೇಗಿತ್ತು ಅಂತ ಈ ಭೂಮಿ ಮೇಲೆ ಯಾರೂ ನೋಡಲೇ ಇಲ್ಲ." ಮಾಸ್ಟರು ಪತ್ರಿಕೆ ಮಡಚಿದರು. "ಇದನ್ನೇ ಬರ್ಕೊಳ್ಳಿ. ನನ್ನ ದೂರು ಇಷ್ಟೇ."

ವಿವರಪ್ಪ ಪೆನ್ನಿನ ಮುಚ್ಚಳ ತೆಗೆದ. ಮತ್ತೆ ಮುಚ್ಚಿದ. "ಬರೆಯೋಕಾಗಲ್ಲ ಮಾಸ್ಟರ್. ನೋಡದೆ ನಾನು ಬರೆಯಲ್ಲ. ತೋರಿಸಿ."

"ಎಲ್ಲಿ ತೋರಿಸ್ಲಿ? ನಲವತ್ತು ಜನ ಬೇಕಲ್ಲ."

ವಿವರಪ್ಪ ಕಿಟಕಿಯಾಚೆ ನೋಡಿದ. ಸಾಲಿನಲ್ಲಿ ಮೂವತ್ತು ಜನ ಇದ್ದರು. ತನ್ನನ್ನು ಬಿಟ್ಟು ಸಿಬ್ಬಂದಿ ಎಂಟು. ಮುಖ್ಯಸ್ಥೆಯ ಕೋಣೆಯ ಬಾಗಿಲಲ್ಲಿ ಗಲಾಟೆ ಏನೆಂದು ನೋಡಲು ಬಂದ ಮೇಡಂ. "ದೂರಿನಲ್ಲಿರೋದು ಸತ್ಯ ಅಂತ ಎದುರು ಪಾರ್ಟಿಯವರೇ ಬಂದು ಒಪ್ಕೊಂಡಿದ್ದಾರೆ ಮೇಡಂ" ಎಂದ ವಿವರಪ್ಪ. "ಈಗ ಸ್ಥಳ ಪರಿಶೀಲನೆ ಬಾಕಿ."

ಮೇಡಂ ನಿಯಮದ ಪುಸ್ತಕವನ್ನು ಮನಸ್ಸಿನಲ್ಲೇ ತಿರುವಿಹಾಕಿದರು. ಎದುರು ಪಾರ್ಟಿ ಒಪ್ಪಿಕೊಂಡರೆ ದೂರು ಸಾಬೀತು. ಸಾಬೀತಾದ ದೂರಿನ ದೂರುದಾರನಿಗೆ ನೋಟಿಸ್ ಕೊಡಲು ಅವಕಾಶವಿಲ್ಲ. ಅವರು ನೋಟಿಸಿನ ಮೇಲೆ 'ಕೈಬಿಡಲಾಗಿದೆ' ಎಂದು ಬರೆದು, ಕನ್ನಡಕ ತೆಗೆದು ಜವಾನನ ಕೈಗಿತ್ತು, "ನಾನು ಎಲ್ಲಿ ನಿಲ್ಲಬೇಕು?" ಎಂದು ಕೇಳಿದರು.

ಮೇಜುಗಳು ಗೋಡೆಗೆ ಸರಿದವು. 'ಸಿಡಿಲಮುಷ್ಟಿ'ಯ ನಾಯಕನಾಗಿ ಕಚೇರಿಯ ನಡುವೆ ನಿಂತವನು ವಿವರಪ್ಪ. ಮಾಸ್ಟರು ಕುಂಟುತ್ತ ಒಬ್ಬೊಬ್ಬರ ಕಿವಿಯಲ್ಲೂ ಅವರವರ ಕಾರಣ ಹೇಳುತ್ತ ಬಂದರು. ಎಣಿಸಿದಾಗ ಮೂವತ್ತೊಂಬತ್ತು. ಅದೇ ಹೊತ್ತಿಗೆ, ಮೇಲಿನವರು ವಿವರಣೆ ಕೇಳಿ ಕಳಿಸಿದ ಪತ್ರವನ್ನು ಬೀಸುತ್ತ ಇನ್ಸ್‌ಪೆಕ್ಟರು ಒಳಗೆ ನುಗ್ಗಿದರು. "ಎಲ್ರೀ ಅವನು? ಅವನಿಂದ ನಾನು ಊರಲ್ಲಿ ತಲೆ ಎತ್ತೋ ಹಾಗಿಲ್ಲ!"

"ಎತ್ತಬೇಡಿ, ತಗ್ಗಿಸ್ಕೊಂಡೇ ನಿಲ್ಲಿ" ಎಂದರು ಮಾಸ್ಟರು, ಅವರ ಭುಜ ಹಿಡಿದು ಮೂಲೆಗೆ ನಿಲ್ಲಿಸುತ್ತ. "ನಲವತ್ತನೆಯವನು ಹೀಗೇ ಇರ್ಬೇಕು. ಅವನಿಗೆ ಹೊಡೆದಾಟವೇ ಬೇಡ. ಮೇಲಿನವರು ಕಳಿಸಿದ್ರು ಅಂತ ಬಂದಿದ್ದಾನೆ."

ಇನ್ಸ್‌ಪೆಕ್ಟರಿಗೆ ಆ ಕಾರಣ ಎಲ್ಲೋ ಒಳಗೆ ತಾಗಿರಬೇಕು. ಪತ್ರವನ್ನು ಮಡಚಿ ಜೇಬಿಗಿಟ್ಟು, ತಲೆ ತಗ್ಗಿಸಿ ನಿಂತರು.

ಮಾಸ್ಟರು ಚಪ್ಪಾಳೆ ತಟ್ಟಿದರು. ವಿವರಪ್ಪ ಕೈ ಬೀಸಿದ, ಯಾರಿಗೂ ತಾಗದಂತೆ. ನಲ್ಲಿ ಸೋರುವವರು ಬಿದ್ದರು. ಹಾಡು ಉದ್ದವಾದವರು ಬಿದ್ದರು. ಕೆಮ್ಮಿನ ತಾಯಿಯ ಮುದುಕಿ ಬೀಳುವ ಮೊದಲು ಸೆರಗು ಸರಿಮಾಡಿಕೊಂಡು, ಜಾಗ ನೋಡಿ ಬಿದ್ದಳು. ಜವಾನ ಮತ್ತು ಲೆಕ್ಕಿಗ ಒಬ್ಬರಿಗೊಬ್ಬರು "ನೀನು ಹೋಗು, ನೀನು ಹೋಗು" ಎಂದು ತಳ್ಳಾಡುತ್ತ ಜೊತೆಗೇ ಬಿದ್ದರು. ಮೇಡಂ ಇಪ್ಪತ್ತೊಂದನೆಯವರಾಗಿ ಬಿದ್ದು, ಸತ್ತ ಮೇಲೂ ಇತರರಿಗೆ ಎಲ್ಲಿ ಬೀಳಬೇಕೆಂದು ಸೂಚನೆ ಕೊಡುತ್ತಿದ್ದರು. ಬಾಗಿಲಲ್ಲಿ ಜನ ಸೇರಿದರು. ಅವರ ನಡುವೆ ನಿಂತಿದ್ದ ಪೋಸ್ಟ್‌ಮಾಸ್ಟರು ಕನ್ನಡಕ ಒರೆಸಿಕೊಂಡು, "ಹಾಂ, ಈಗ ಗೊತ್ತಾಗ್ತಿದೆ ನೋಡಿ ಯಾರು ಯಾರಿಗೆ ಹೊಡೀತಿದ್ದಾರೆ ಅಂತ" ಎಂದರು. ವಿವರಪ್ಪನ ಕೂದಲು ಕೆದರಿತ್ತು, ಅಂಗಿ ಬೆವರಿಗೆ ಅಂಟಿತ್ತು, ಉಸಿರು ಕೊಳಲಿನ ಹಾಗೆ ಊದುತ್ತಿತ್ತು. ಗೋಡೆಗೆ ಒರಗಿ ನಿಂತ ಮಾಸ್ಟರ ಕಣ್ಣಲ್ಲಿ ನೀರು. ತುಂಡು ತುಂಡಾಗಿ ತಾಲೀಮು ಮಾಡಿಸಿದ್ದ ತಮ್ಮ ಹೊಡೆದಾಟವನ್ನು ಅವರೂ ಈಗಲೇ ಪೂರ್ತಿಯಾಗಿ ನೋಡುತ್ತಿದ್ದದ್ದು.

ಕೊನೆಗೆ ನಿಂತಿದ್ದವರು ಇಬ್ಬರೇ. ನೆಲದ ಮೇಲೆ ಮೂವತ್ತೊಂಬತ್ತು ಜನ ತಲೆಯೆತ್ತಿ ನೋಡುತ್ತಿದ್ದರು. ವಿವರಪ್ಪ ಏದುಸಿರು ಬಿಡುತ್ತ ಬಂದು, ಒಂದೇ ಒಂದು ಬೆರಳನ್ನು ಇನ್ಸ್‌ಪೆಕ್ಟರ ಎದೆಯ ಮೇಲಿಟ್ಟ. ಇನ್ಸ್‌ಪೆಕ್ಟರು ಟೋಪಿ ತೆಗೆದು ಪಕ್ಕದ ಮೇಜಿನ ಮೇಲೆ ನೆಟ್ಟಗೆ ಇಟ್ಟು, ಕಣ್ಣು ಮುಚ್ಚಿ, ಕಡಿದ ದಿಮ್ಮಿಯಂತೆ ಧೊಪ್ಪನೆ ಬಿದ್ದರು.

ಗೋಡೆಯ ಗಡಿಯಾರ ಹನ್ನೆರಡು ಹೊಡೆಯಿತು. ಇನ್ಸ್‌ಪೆಕ್ಟರು ಎದ್ದರು, ಪ್ಯಾಂಟಿನ ಧೂಳು ಕೊಡವಿಕೊಂಡರು, ಟೋಪಿ ಹಾಕಿಕೊಂಡರು. ಅವರು ನೇರವಾಗಿ ಮಾಸ್ಟರ ಬಳಿ ಹೋಗಿ, ಯಾರಿಗೂ ಕೇಳದಂತೆ ದನಿ ತಗ್ಗಿಸಿದರು.

"ಮಾಸ್ಟರ್, ನಂದು ಸರಿ ಬರ್ಲಿಲ್ಲ ಅಲ್ವಾ? ಇನ್ನೊಂದ್ಸಲ ಬೀಳ್ತೀನಿ."